ಕಾಲೆತ್ತಲಾಗದ ನೋವು: ಗೃಧ್ರಸಿಯ ಚರಿತ್ರೆ ಮತ್ತು ವೈದ್ಯರ ಬಾಗಿಲು

ಡೊಂಬಿವಲಿಯ ಕನ್ನಡಿಗರ ಮನೆಯೊಂದರಲ್ಲಿ ಸೊಂಟದಿಂದ ಹೊರಟು ತೊಡೆಯ ಹಿಂಬದಿಯಲ್ಲಿ ಹರಿದು ಪಾದಕ್ಕೆ ಇಳಿಯುವ ನೋವಿಗೆ ಏಕಕಾಲಕ್ಕೆ ನಾಲ್ಕು ಹೆಸರುಗಳಿರುತ್ತವೆ. ಊರಿನಿಂದ ಬಂದಿರುವ ಅಜ್ಜಿಗೆ ಅದು ‘ವಾಯು’. ಪಕ್ಕದ ಮನೆಯ ಮರಾಠಿ ಕಾಕಿಗೆ ‘ನಸ ದಬಲೀ’, ಅಂದರೆ ನರ ಅದುಮಿಕೊಂಡಿದೆ. ರಸ್ತೆಯಾಚೆಯ ಆಯುರ್ವೇದ ವೈದ್ಯರಿಗೆ ‘ಗೃಧ್ರಸಿ’. ಕಚೇರಿಗೆ ಹೋಗುವ ಮಗನಿಗೆ ‘ಸಯಾಟಿಕಾ’. ಹೆಸರು ನಾಲ್ಕಾದರೂ ಮನೆಯವರೆಲ್ಲರ ಪ್ರಶ್ನೆ ಒಂದೇ: ಇದು ತಾನಾಗಿ ಬಿಟ್ಟುಹೋಗುವ ನೋವೋ, ವೈದ್ಯರ ಬಾಗಿಲು ತಟ್ಟಲೇಬೇಕಾದ ನೋವೋ? ಮೇಲುನೋಟಕ್ಕೆ ಸರಳವಾಗಿ ಕಾಣುವ ಈ ಪ್ರಶ್ನೆಗೆ ನಂಬತಕ್ಕ ಉತ್ತರ ಸಿಕ್ಕಿ ಇನ್ನೂ ನೂರು ವರ್ಷ ತುಂಬಿಲ್ಲ. ನೋವನ್ನು ವರ್ಣಿಸುವ ವಿದ್ಯೆ ಬಹು ಪುರಾತನ; ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬ ವಿವೇಕ ಮಾತ್ರ ತೀರ ಇತ್ತೀಚಿನದು.

ವರ್ಣನೆಯ ಮಟ್ಟಿಗೆ ನಮ್ಮ ಸಂಹಿತಕಾರರು ಯಾರಿಗೂ ಕಡಿಮೆಯಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗಳನ್ನು ಹೇಳುವ ಅಧ್ಯಾಯವು ಈ ನೋವಿನ ದಾರಿಯನ್ನು ನಕ್ಷೆ ಬರೆದಂತೆ ಹೇಳುತ್ತದೆ: ಮೊದಲು ಪಿರ್ರೆ, ಆಮೇಲೆ ಸೊಂಟ, ಬೆನ್ನು, ತೊಡೆ, ಮೊಣಕಾಲು, ಕಣಕಾಲು, ಪಾದ. ಬಿಗಿತ, ಚುಚ್ಚುವಿಕೆ, ಮತ್ತೆ ಮತ್ತೆ ಅದುರುವಿಕೆ ಇವು ಅದರ ಲಕ್ಷಣಗಳು. ಕೇವಲ ವಾತದ್ದು, ವಾತಕಫದ್ದು ಎಂದು ಅದರಲ್ಲಿ ಎರಡು ಬಗೆ. ಸುಶ್ರುತಸಂಹಿತೆಯ ನಿದಾನಸ್ಥಾನವು ಇನ್ನೊಂದು ಮಾತನ್ನು ಸೇರಿಸುತ್ತದೆ. ಹಿಮ್ಮಡಿ ಮತ್ತು ಬೆರಳುಗಳಿಗೆ ಸಂಬಂಧಿಸಿದ ಕಂಡರವು ವಾತದಿಂದ ಪೀಡಿತವಾದಾಗ ಕಾಲನ್ನು ಮೇಲೆತ್ತುವುದಕ್ಕೆ ತಡೆಯುಂಟಾಗುತ್ತದೆ, ಅದೇ ಗೃಧ್ರಸಿ ಎಂದು ಅಲ್ಲಿದೆ. ಈ ಮಾತಿನ ಬೆಲೆ ಮುಂದೆ ತಿಳಿಯುತ್ತದೆ. ಗೃಧ್ರವೆಂದರೆ ರಣಹದ್ದು; ರೋಗಿಯು ಹದ್ದಿನಂತೆ ಕುಂಟುತ್ತ ವಾಲಿ ನಡೆಯುವುದರಿಂದ ಈ ಹೆಸರು ಬಂತೆಂದು ವೈದ್ಯರು ಹೇಳಿಕೊಂಡು ಬಂದಿದ್ದಾರೆ. ಚಿಕಿತ್ಸೆಯಾಗಿ ಚರಕನು ಹೇಳುವುದು ಸಿರಾವ್ಯಧೆ, ಬಸ್ತಿ, ಅಗ್ನಿಕರ್ಮ. ಎಂದರೆ ರಕ್ತ ತೆಗೆಯುವುದು, ಔಷಧದ ಎನಿಮಾ ಮತ್ತು ಸುಡುವುದು. ಸುಡುವುದೆಂದರೆ ನಾವು ಬೆಚ್ಚಬೇಕಾಗಿಲ್ಲ. ಯುರೋಪಿನ ವೈದ್ಯರೂ ಹದಿನೆಂಟನೆಯ ಶತಮಾನದಲ್ಲಿ ಇದೇ ನೋವಿಗೆ ಕಾಲಿನ ಮೇಲೆ ಬೊಕ್ಕೆ ಏಳಿಸುತ್ತಿದ್ದರು.

ಹಾಗೆ ಬೊಕ್ಕೆ ಏಳಿಸಿದವರಲ್ಲಿ ನೇಪಲ್ಸ್ ನಗರದ ದೊಮೆನಿಕೊ ಕೊತುನ್ಯೊ ಒಬ್ಬ. 1764ರಲ್ಲಿ ಈ ನೋವಿನ ಬಗ್ಗೆ ಆತ ಲ್ಯಾಟಿನ್ ಭಾಷೆಯಲ್ಲೊಂದು ಗ್ರಂಥ ಬರೆದನು. ಹಿಪೊಕ್ರಟೀಸನ ಕಾಲದಿಂದಲೂ ಸೊಂಟದ ಕೀಲಿನ ನೋವು, ಕಾಲಿನ ನೋವು ಎಲ್ಲವನ್ನೂ ‘ಇಶ್ಚಿಯಾಸ್’ ಎಂಬ ಒಂದೇ ಚೀಲಕ್ಕೆ ತುಂಬಿಡಲಾಗಿತ್ತು. ಕೀಲಿನದು ಬೇರೆ, ನರದ್ದು ಬೇರೆ ಎಂದು ಸ್ಪಷ್ಟವಾಗಿ ಬಿಡಿಸಿ ಹೇಳಿದವನು ಕೊತುನ್ಯೊ. ನರದ ಸುತ್ತ ನೀರು ತುಂಬಿಕೊಳ್ಳುವುದೇ ನೋವಿಗೆ ಕಾರಣವೆಂದು ಆತ ತಿಳಿದಿದ್ದ, ಅದು ತಪ್ಪು. ಆದರೆ ಆ ನೀರನ್ನು ಹುಡುಕುತ್ತ ಹೋಗಿ ಮೆದುಳು ಮತ್ತು ಬೆನ್ನುಹುರಿಯ ಸುತ್ತಣ ದ್ರವವನ್ನು ವರ್ಣಿಸಿದ್ದು ವೈದ್ಯಶಾಸ್ತ್ರಕ್ಕೆ ದೊಡ್ಡ ಲಾಭವಾಯಿತು.

ಸಾಹಿತ್ಯದವರಾದ ನಮಗೆ ಈ ಚರಿತ್ರೆಯಲ್ಲಿ ಹತ್ತಿರದವನೆನಿಸುವವನು ಲಾಜಾ ಲಜಾರೆವಿಚ್. ಸರ್ಬಿಯನ್ ಭಾಷೆಯ ಸಣ್ಣಕಥೆಗೆ ರೂಪ ಕೊಟ್ಟವರಲ್ಲಿ ಆತನ ಹೆಸರು ಮುಂಚೂಣಿಯಲ್ಲಿದೆ, ವೃತ್ತಿಯಿಂದ ವೈದ್ಯ. ಕನ್ನಡದಲ್ಲಿ ‘ಕೊರವಂಜಿ’ಯ ರಾಶಿಯವರನ್ನೂ ಅನುಪಮಾ ನಿರಂಜನರನ್ನೂ ಓದಿ ಬೆಳೆದವರಿಗೆ ಇಂತಹ ಜೋಡಿ ಬದುಕು ಅಪರಿಚಿತವಲ್ಲ. ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಕಾಲನ್ನು ಮೇಲೆತ್ತಿದಾಗ ನೋವು ಸೊಂಟದಿಂದ ಕೆಳಕ್ಕೆ ಹರಿಯುವುದು ನರ ಎಳೆಯಲ್ಪಡುವುದರಿಂದ ಎಂದು ಲಜಾರೆವಿಚ್ 1880ರಲ್ಲಿ ಬರೆದನು. ಮರುವರ್ಷ ಪ್ಯಾರಿಸ್ಸಿನಲ್ಲಿ ಫೋರ್ಸ್ಟ್ ಎಂಬ ವಿದ್ಯಾರ್ಥಿ ಇದೇ ಪರೀಕ್ಷೆಯನ್ನು ತನ್ನ ಪ್ರಬಂಧದಲ್ಲಿ ವರ್ಣಿಸಿ ಕೀರ್ತಿಯನ್ನು ಗುರುವಾದ ಲಸೇಗನಿಗೆ ಅರ್ಪಿಸಿದ. ಗುರುಭಕ್ತಿ ಗೆದ್ದಿತು, ಜಗತ್ತಿನ ಬಹುಪಾಲು ಕಡೆ ಅದಕ್ಕೆ ಲಸೇಗನ ಹೆಸರೇ ನಿಂತಿತು. ಇಂದು ಕಲ್ಯಾಣಿನ ಯಾವುದೇ ಆರ್ಥೋಪೆಡಿಕ್ ಕ್ಲಿನಿಕ್ಕಿನಲ್ಲಿ ಮೇಜಿನ ಮೇಲೆ ಮಲಗಿಸಿ ಮೊದಲು ಮಾಡುವ ಪರೀಕ್ಷೆ ಇದೇ. ಕಾಲೆತ್ತಲು ತಡೆ ಎಂದ ಸುಶ್ರುತ, ಕಾಲೆತ್ತಿ ನೋಡಿದ ಲಜಾರೆವಿಚ್, ಇಬ್ಬರೂ ಕಂಡದ್ದು ಒಂದೇ ಚಿಹ್ನೆಯನ್ನು. ಆದರೆ ಕಂಡರವೇ ಮೂಲವೆಂದು ಸುಶ್ರುತಸಂಹಿತೆ ಭಾವಿಸಿತ್ತು. ಮೂಲ ಇದ್ದದ್ದು ಬೆನ್ನೆಲುಬಿನಲ್ಲಿ.

ಆ ಮೂಲ ಸಿಕ್ಕಿದ್ದು ಬಹಳ ತಡವಾಗಿ. 1929ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬೆನ್ನುನಾಳದೊಳಗೆ ಗಡ್ಡೆಯೆಂದು ತಿಳಿದು ತೆಗೆದದ್ದು ವಾಸ್ತವದಲ್ಲಿ ಕಳಚಿಬಂದ ಮೃದ್ವಸ್ಥಿಯ ತುಣುಕು ಎಂದು ಎರಡು ಪ್ರಕರಣಗಳಲ್ಲಿ ತೋರಿಸಿದನು. ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಪ್ರಕಟಿಸಿದ ಲೇಖನ ವಿಷಯವನ್ನು ಇತ್ಯರ್ಥಗೊಳಿಸಿತು. ಎರಡು ಕಶೇರುಗಳ ನಡುವಣ ಮೆತ್ತೆ ಬಿರಿದು ಒಳಗಿನ ತಿರುಳು ಹೊರಚಾಚಿ ನರದ ಬೇರನ್ನು ಒತ್ತುತ್ತದೆ. ನೋವು ಕಾಲಿನಲ್ಲಿ, ತೊಂದರೆ ಬೆನ್ನಿನಲ್ಲಿ. ಇಲ್ಲಿಂದ ಹುಟ್ಟಿದ ‘ಡಿಸ್ಕ್ ಜಾರಿದೆ’ ಎಂಬ ನುಡಿ ನನ್ನ ದೃಷ್ಟಿಯಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ಡಿಸ್ಕು ಪಾತ್ರೆಯ ಮುಚ್ಚಳದಂತೆ ಜಾರುವ ವಸ್ತುವಲ್ಲ. ಜಾರಿದೆ ಎಂದೊಡನೆ ಅದನ್ನು ಮರಳಿ ಕೂರಿಸುವವರೊಬ್ಬರು ಬೇಕೆಂದು ಮನಸ್ಸು ಹುಡುಕತೊಡಗುತ್ತದೆ.

ಕೂರಿಸುವವರಿಗೆ ನಮ್ಮ ಭಾಗದಲ್ಲಿ ಎಂದೂ ಬರವಿರಲಿಲ್ಲ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರನ್ನು ಮರಾಠಿಯಲ್ಲಿ ‘ಪಾಯಾಳೂ’ ಎನ್ನುತ್ತಾರೆ. ಅವರ ಕಾಲು ಸೋಂಕಿದರೆ ಸೊಂಟದ ಉಳುಕು ಬಿಡುತ್ತದೆಂಬ ನಂಬಿಕೆ ಘಟ್ಟದ ಮೇಲೂ ಕೆಳಗೂ ಇದೆ. ಎಣ್ಣೆ ತಿಕ್ಕುವವರು, ಹಾಡವೈದ್ಯರು, ಲೋಕಲ್ ರೈಲಿನ ಡಬ್ಬಿಯೊಳಗೆ ಅಂಟಿಸಿದ ಚೀಟಿಗಳಲ್ಲಿ ಖಾತ್ರಿ ಕೊಡುವವರು, ಎಲ್ಲರಿಗೂ ತಮ್ಮ ಕೈಗುಣದಿಂದ ಗುಣವಾದವರ ಪಟ್ಟಿಯಿದೆ. ಅವರು ಸುಳ್ಳು ಹೇಳುತ್ತಿಲ್ಲ, ಸ್ವಾರಸ್ಯವಿರುವುದೂ ಅಲ್ಲೇ. ನೆದರ್ಲ್ಯಾಂಡ್ಸಿನಲ್ಲಿ 183 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಧ ಮಂದಿಗೆ ಎರಡು ವಾರ ಹಾಸಿಗೆ ಹಿಡಿಯಲು ಹೇಳಲಾಯಿತು, ಉಳಿದವರಿಗೆ ಎಂದಿನಂತೆ ಓಡಾಡಲು ಹೇಳಲಾಯಿತು. ಹನ್ನೆರಡು ವಾರಗಳ ಬಳಿಕ ಎರಡೂ ಗುಂಪುಗಳಲ್ಲಿ ಶೇಕಡಾ 87ರಷ್ಟು ಜನ ಸುಧಾರಿಸಿದ್ದರು. ಹೊರಚಾಚಿದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹತ್ತರಲ್ಲಿ ಎಂಟೊಂಬತ್ತು ಮಂದಿ ತಾವಾಗಿಯೇ ಗುಣವಾಗುವ ರೋಗದಲ್ಲಿ ಯಾವ ಎಣ್ಣೆಯೂ ಸೋಲುವುದಿಲ್ಲ, ಯಾವ ಒದೆಯೂ ವ್ಯರ್ಥವಾಗುವುದಿಲ್ಲ. ಅಪಾಯವಿರುವುದು ಉಳಿದವರ ಪಾಲಿಗೆ. ಅವರನ್ನು ಗುರುತಿಸುವ ಕಣ್ಣು ಆ ಪಟ್ಟಿಯವರಲ್ಲಿಲ್ಲ.

ಈಗ ಈ ನೆಲದ ಮಾತಿಗೆ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಮೇ ತಿಂಗಳಲ್ಲಿ ಹಳಿ ಕಲ್ಯಾಣನ್ನು ಮುಟ್ಟಿತು. ನೂರಿಪ್ಪತ್ತು ವರ್ಷಗಳ ತರುವಾಯ ಮುಂಬಯಿಯಲ್ಲಿ ಖೋಲಿ ಸಿಕ್ಕದ ಗುಮಾಸ್ತರು, ಗಿರಣಿಯವರು, ಹೋಟೆಲಿನವರು ಇದೇ ಹಳಿಯ ಗುಂಟ ಡೊಂಬಿವಲಿ, ಕಲ್ಯಾಣುಗಳಲ್ಲಿ ಮನೆ ಮಾಡಿದರು. ಕನ್ನಡ ಸಂಘಗಳೂ ಅವರ ಹಿಂದೆಯೇ ಬಂದವು. ಈ ವಲಸೆಯ ಚರಿತ್ರೆಯನ್ನು ನಾವು ಸಂಘಗಳ, ಶಾಲೆಗಳ, ನಾಟಕಗಳ ಚರಿತ್ರೆಯಾಗಿ ಬರೆದುಕೊಂಡಿದ್ದೇವೆ. ಅದು ಸೊಂಟಗಳ ಚರಿತ್ರೆಯೂ ಹೌದು. ಗ್ರೈಂಡರ್ ಬರುವ ಮೊದಲು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಬಾಗಿ ಕುಳಿತು ರುಬ್ಬಿದವರು, ಹಂಡೆ ಎತ್ತಿದವರು, ರಾತ್ರಿ ಶಾಲೆ ಮುಗಿಸಿ ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗಿದವರು ನಮ್ಮ ಹಿಂದಿನ ತಲೆಮಾರಿನವರು. ಭಾರ ಎತ್ತುವುದು, ಬಾಗಿ ತಿರುಗುವುದು, ದೀರ್ಘಕಾಲ ಅದುರುವ ವಾಹನದಲ್ಲಿ ಕೂರುವುದು, ಧೂಮಪಾನ ಇವೆಲ್ಲ ಈ ನೋವಿನೊಡನೆ ನಂಟುಳ್ಳವು ಎಂದು ಇಂದು ತಿಳಿದಿದೆ. ನೋವು ಹೆಚ್ಚಾಗಿ ಕಾಡುವುದು ದುಡಿಯುವ ವಯಸ್ಸಿನಲ್ಲೇ.

ನವಿಮುಂಬಯಿಯ ಕಡೆ ಇದರ ಇನ್ನೊಂದು ಮುಖವಿದೆ. 1970ರಲ್ಲಿ ಸಿಡ್ಕೊ ಹುಟ್ಟಿ ಹೊಸ ನಗರ ಎದ್ದ ಮೇಲೆ, ಎಂಬತ್ತರ ದಶಕದಿಂದ ಮುಂಬಯಿಯ ಸಗಟು ಮಾರುಕಟ್ಟೆಗಳು ಒಂದೊಂದಾಗಿ ವಾಶಿ–ತುರ್ಭೆಗೆ ಬಂದವು. ಅವುಗಳೊಡನೆ ಮೂಟೆ ಹೊರುವ ಮಾಥಾಡಿಗಳೂ ಬಂದರು. ಮಾಥಾ ಎಂದರೆ ತಲೆ. ತಲೆಯ ಮೇಲೆ ಹೊರುವವನು ಮಾಥಾಡಿ. ಅಣ್ಣಾಸಾಹೇಬ ಪಾಟೀಲರ ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರ ಇವರಿಗಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಕೂಲಿ, ಭವಿಷ್ಯನಿಧಿ, ರಜೆಗಳ ಹೊಣೆ ಮಂಡಳಿಗಳ ಮೇಲೆ ಬಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪ್ರಾಯದ ಗಂಡಾಳು ಒಮ್ಮೆಗೆ ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತ್ತು. ಮಾರುಕಟ್ಟೆಯಲ್ಲಿ ಗೋಣಿಚೀಲ ಅಂದು ನೂರು ಕಿಲೋದ್ದು. ದಿನಗೂಲಿಯವನಿಗೆ ‘ಯಾವಾಗ ವೈದ್ಯರ ಬಳಿ ಹೋಗಬೇಕು’ ಎಂಬುದು ವೈದ್ಯಕೀಯ ಪ್ರಶ್ನೆಯಾಗುವ ಮುನ್ನ ಕೂಲಿಯ ಪ್ರಶ್ನೆಯಾಗಿರುತ್ತದೆ. ಅರ್ಧ ದಿನ ಒಪಿಡಿಯ ಸಾಲಿನಲ್ಲಿ ನಿಂತರೆ ಅರ್ಧ ದಿನದ ದುಡಿಮೆ ಹೋಯಿತು. ಅವನು ನೋವಿನ ಗುಳಿಗೆ ನುಂಗಿ ಮೂಟೆ ಎತ್ತುವುದನ್ನು ಅಜ್ಞಾನವೆಂದು ಕರೆಯುವುದು ನಮಗೆ ಸುಲಭ.

ಇನ್ನು ವೈದ್ಯರು ಎಲ್ಲಿದ್ದರು? ಪಾಶ್ಚಾತ್ಯ ವೈದ್ಯಕೀಯದ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರಾದ ಆನಂದೀಬಾಯಿ ಜೋಶಿಯವರು ಕಲ್ಯಾಣಿನ ಮನೆತನದವರು. ಸಮಯಕ್ಕೆ ಚಿಕಿತ್ಸೆ ಸಿಗದೆ ಹಸುಗೂಸನ್ನು ಕಳೆದುಕೊಂಡ ದುಃಖವೇ ಆಕೆಯನ್ನು ಫಿಲಡೆಲ್ಫಿಯಾಕ್ಕೆ ಕಳಿಸಿತು. 1886ರಲ್ಲಿ ಪದವಿ ಪಡೆದು ಮರಳಿದವರು ಮರುವರ್ಷವೇ ಕ್ಷಯದಿಂದ ತೀರಿಕೊಂಡರು. ಆಕೆಯ ಊರಿನವರಿಗೆ ಮುಂದೆಯೂ ಬಹುಕಾಲ ದೊಡ್ಡ ಕಾಯಿಲೆ ಎಂದರೆ ರೈಲು ಹತ್ತಿ ಮುಂಬಯಿಗೆ ಹೋಗುವುದೇ ಆಗಿತ್ತು. ಥಾಣೆಯಲ್ಲಿ ವಿಠ್ಠಲ ಸಾಯಣ್ಣ ಅವರ ಹೆಸರಿನ ಸಿವಿಲ್ ಆಸ್ಪತ್ರೆ, ಕಾರ್ಖಾನೆ ಕಾರ್ಮಿಕರಿಗೆ ವಾಗಳೆ ಎಸ್ಟೇಟ್ ಮತ್ತು ಉಲ್ಲಾಸನಗರದ ಇ.ಎಸ್.ಐ. ಆಸ್ಪತ್ರೆಗಳು, ಕಲ್ಯಾಣಿನಲ್ಲಿ ರುಕ್ಮಿಣೀಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರೀನಗರ, ಕಳವಾದಲ್ಲಿ ಛತ್ರಪತಿ ಶಿವಾಜಿ ಆಸ್ಪತ್ರೆ ಹೀಗೆ ಸಾರ್ವಜನಿಕ ಆಸ್ಪತ್ರೆಗಳು ಕ್ರಮೇಣ ಬಂದವಾದರೂ ನರದ ಮಾತು ಬಂದಾಗ ಕಣ್ಣು ಹೋಗುತ್ತಿದ್ದುದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಕಡೆಗೆ. ಕಮಲಾ ನಿಂಬಕರ್ 1950ರಲ್ಲಿ ಅಲ್ಲೇ ಆಕ್ಯುಪೇಶನಲ್ ಥೆರಪಿಯ ಶಾಲೆ ತೆರೆದರು. ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ ಅದರ ಬೆನ್ನಿಗೇ ದೇಶದ ಮೊದಲ ಫಿಸಿಯೊಥೆರಪಿ ಶಾಲೆಯೂ ಅಲ್ಲಿ ಆರಂಭವಾಯಿತು. ಇಂದು ಡೊಂಬಿವಲಿಯ ಗಲ್ಲಿಗಲ್ಲಿಯಲ್ಲಿ ಕಾಣುವ ಫಿಸಿಯೊಥೆರಪಿ ಫಲಕಗಳ ವಂಶವೃಕ್ಷ ಅಲ್ಲಿಗೆ ಮುಟ್ಟುತ್ತದೆ.

ಕಲ್ಯಾಣಿನಿಂದ ಮುಂಬಯಿಯ ತುದಿಗೆ ಸುಮಾರು 54 ಕಿಲೋಮೀಟರು. ಕೂರಲಾಗದ, ಸೇತುವೆಯ ಮೆಟ್ಟಿಲು ಹತ್ತಲಾಗದ ರೋಗಿಗೆ ಆ ದೂರ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಈಗ ಆ ಕಷ್ಟ ಕಡಿಮೆಯಾಗಿದೆ, ಎಂ.ಆರ್.ಐ. ಯಂತ್ರಗಳೂ ಬೆನ್ನೆಲುಬಿನ ಶಸ್ತ್ರವೈದ್ಯರೂ ಈ ನಾಲ್ಕೂ ಊರುಗಳಲ್ಲಿ ಸಿಗುತ್ತಾರೆ. ಅದರೊಡನೆ ವಿರುದ್ಧ ದಿಕ್ಕಿನ ಕಷ್ಟವೊಂದು ಬಂದಿದೆ. ಮೊದಲ ವಾರದಲ್ಲೇ ಎಂ.ಆರ್.ಐ. ಮಾಡಿಸಿ, ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂದು ಕಂಡು ಮನೆ ಮಂದಿಯೆಲ್ಲ ಕಂಗೆಡುತ್ತಾರೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಇದೇ ಯಂತ್ರದಲ್ಲಿ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇಂತಹ ಉಬ್ಬು ಕಂಡಿತ್ತು. ಚಿತ್ರವನ್ನು ರೋಗಿಯ ಕಾಲಿನೊಡನೆ ಹೋಲಿಸಿ ಓದಬೇಕೇ ಹೊರತು ಕಾಲನ್ನು ಬಿಟ್ಟು ಚಿತ್ರವನ್ನಲ್ಲ. ಶಸ್ತ್ರಚಿಕಿತ್ಸೆಯ ವಿಷಯವೂ ಹೀಗೆಯೇ. ನಾರ್ವೆಯ ಹೆನ್ರಿಕ್ ವೆಬರ್ 126 ರೋಗಿಗಳನ್ನು ಎರಡು ಗುಂಪು ಮಾಡಿ ಹತ್ತು ವರ್ಷ ಹಿಂಬಾಲಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದನು: ಒಂದು ವರ್ಷದ ಹೊತ್ತಿಗೆ ಕತ್ತರಿಗೆ ಒಳಗಾದವರೇ ಮೇಲಾಗಿದ್ದರು, ಹತ್ತನೆಯ ವರ್ಷಕ್ಕೆ ಭೇದವಿರಲಿಲ್ಲ. 2007ರ ಡಚ್ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಕಂಡಿತು. ಬೇಗ ಶಸ್ತ್ರಚಿಕಿತ್ಸೆಯಾದವರ ನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ನೂರಕ್ಕೆ 95ರಷ್ಟು ಜನ ಚೇತರಿಸಿಕೊಂಡಿದ್ದರು. ಕಾದವರಲ್ಲಿ ನೂರಕ್ಕೆ 39 ಮಂದಿ ನೋವು ತಾಳಲಾರದೆ ಕೊನೆಗೆ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರೆಂಬುದನ್ನೂ ಮುಚ್ಚಿಡಬಾರದು.

ಆದ್ದರಿಂದ ಮೊದಲ ಕೆಲವು ದಿನ ನೋವು ಎಷ್ಟೇ ತೀವ್ರವಾಗಿದ್ದರೂ, ಕಾಲಿನ ಬಲ ಉಳಿದಿದ್ದರೆ, ಮೈಯಲ್ಲಿ ಬೇರೆ ಕೆಡುಕಿಲ್ಲದಿದ್ದರೆ, ಆದಷ್ಟು ಓಡಾಡುತ್ತ ಕಾಯುವುದರಲ್ಲಿ ತಪ್ಪಿಲ್ಲ. ಎರಡು ಮೂರು ವಾರಗಳಲ್ಲಿ ಇಳಿಮುಖವಾಗದಿದ್ದರೆ, ನಿದ್ದೆ ಮತ್ತು ದುಡಿಮೆ ಎರಡನ್ನೂ ಕಸಿದುಕೊಂಡರೆ ವೈದ್ಯರನ್ನು ಕಾಣಬೇಕು. ಆರು ವಾರ ದಾಟಿಯೂ ಹಾಗೆಯೇ ಇದ್ದರೆ ತಜ್ಞರನ್ನು ಕಾಣಬೇಕು. ನೋವಿನ ಜತೆ ಕಾಲು ಸೋಲತೊಡಗಿದರೆ ಲೆಕ್ಕ ವಾರಗಳದ್ದಲ್ಲ, ದಿನಗಳದ್ದು. ಇದರ ಮೊದಲ ಸುಳಿವು ಬಹಳ ಸಣ್ಣದು. ಸ್ಟೇಷನ್ನಿನ ಮೆಟ್ಟಿಲಲ್ಲಿ ಕಾಲ್ಬೆರಳು ಎಡವತೊಡಗುತ್ತದೆ, ಚಪ್ಪಲಿ ತನಗೆ ಅರಿವಾಗದಂತೆ ಕಳಚಿಬೀಳುತ್ತದೆ, ಹಿಮ್ಮಡಿಯ ಮೇಲೆ ಅಥವಾ ತುದಿಗಾಲಿನ ಮೇಲೆ ನಿಲ್ಲಲು ಒಂದು ಕಾಲು ಒಪ್ಪುವುದಿಲ್ಲ. ಇಲ್ಲಿ ವಿಚಿತ್ರವೊಂದಿದೆ: ನರ ಪೂರ್ತಿ ಸೋಲುವಾಗ ನೋವು ಕಡಿಮೆಯಾದಂತೆ ತೋರುವುದುಂಟು. ಎಣ್ಣೆ ಫಲಿಸಿತೆಂದು ಮನೆಯವರು ನೆಮ್ಮದಿಪಡುವ ಹೊತ್ತಿಗೆ ಪಾದ ಎತ್ತುವ ಶಕ್ತಿ ಹೋಗಿರುತ್ತದೆ.

ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಜತೆಗಿದ್ದರೂ ಕಾಯಬಾರದು. ಕ್ಷಯ ಬೆನ್ನೆಲುಬಿಗೂ ಇಳಿಯುತ್ತದೆಂಬುದು 1779ರಲ್ಲಿ ಪರ್ಸಿವಲ್ ಪಾಟ್ ಬರೆದಂದಿನಿಂದ ವೈದ್ಯರಿಗೆ ಪರಿಚಿತವಾದ ಚಿತ್ರ. ನಮ್ಮ ನಗರಗಳಲ್ಲಿ ಆ ಸಾಧ್ಯತೆ ಇಂದಿಗೂ ಪುಸ್ತಕದ ಮಾತಾಗಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟಾದವರು, ಬಹುಕಾಲ ಸ್ಟೆರಾಯ್ಡ್ ತೆಗೆದುಕೊಂಡವರು ಇವರೂ ಕಾಯುವ ಗುಂಪಿನವರಲ್ಲ.

ಎಲ್ಲಕ್ಕಿಂತ ಘೋರವಾದದ್ದು ಬೇರೆ. ಬೆನ್ನುಹುರಿ ಮುಗಿದ ಮೇಲೆ ಅದರ ನರಗಳು ಕುದುರೆಯ ಬಾಲದ ಕೂದಲಿನಂತೆ ಇಳಿಯುತ್ತವೆ. ಅಂಗರಚನಾ ಶಾಸ್ತ್ರಜ್ಞರು ಅದನ್ನು ‘ಕಾಡಾ ಇಕ್ವಿನಾ’, ಕುದುರೆಬಾಲ, ಎಂದೇ ಕರೆದಿದ್ದಾರೆ. ತಿರುಳಿನ ದೊಡ್ಡ ತುಣುಕೊಂದು ಈ ಬಾಲವನ್ನೇ ಅದುಮಿದರೆ ಎರಡೂ ಕಾಲುಗಳಿಗೆ ನೋವು ಇಳಿಯಬಹುದು. ಕುದುರೆಯ ಜೀನಿನ ಮೇಲೆ ಕೂತಾಗ ತಾಗುವ ಭಾಗ ಮರಗಟ್ಟುತ್ತದೆ. ಮೂತ್ರ ಕಟ್ಟಿಕೊಳ್ಳುತ್ತದೆ ಅಥವಾ ತಿಳಿಯದೆ ಹೋಗುತ್ತದೆ, ಮಲದ ಹಿಡಿತವೂ ತಪ್ಪಬಹುದು. ಇದು ಅಪರೂಪ; ಆದರೆ ಬಂದರೆ ಗಂಟೆಗಳ ಲೆಕ್ಕ. 2000ದಲ್ಲಿ ಹಳೆಯ ಪ್ರಕರಣಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದವರ ಸ್ಥಿತಿ ತಡವಾದವರಿಗಿಂತ ಸ್ಪಷ್ಟವಾಗಿ ಮೇಲೆಂದು ತೋರಿಸಿತು. ಆಮೇಲಿನ ವೈದ್ಯರು ಅಷ್ಟು ಹೊತ್ತು ಕೂಡ ಕಾಯಬಾರದೆನ್ನುತ್ತಾರೆ. ಇಂತಹ ರಾತ್ರಿ ಕ್ಲಿನಿಕ್ಕು ತೆರೆಯುವ ಸಮಯವನ್ನು ನೋಡುತ್ತ ಕೂರುವಂತಿಲ್ಲ. ಮಹಾರಾಷ್ಟ್ರದಲ್ಲಿ 2014ರಿಂದ ಇರುವ 108 ಆಂಬುಲೆನ್ಸನ್ನು ಕರೆಯಬಹುದು, ರಿಕ್ಷಾದಲ್ಲಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬಹುದು.

ಈ ಕೊನೆಯ ಲಕ್ಷಣಗಳನ್ನು ಹೇಳಿಕೊಳ್ಳುವುದಕ್ಕೆ ನಾಲಗೆ ಏಳುವುದಿಲ್ಲ ಎಂಬುದು ನಮ್ಮ ಮನೆಗಳ ವಿಶೇಷ ತೊಡಕು. ಮಗನ ಮನೆಗೆಂದು ಊರಿನಿಂದ ಬಂದ ತಾಯಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ವೈದ್ಯರ ಮುಂದೆ ದುಭಾಷಿ ಮಗನೇ. ಮೂತ್ರದ ಮಾತನ್ನು, ಕೂರುವ ಜಾಗದ ಮಾತನ್ನು ಆಕೆ ಮಗನ ಬಾಯಿಂದ ಹೇಳಿಸುವಳೇ? ‘ಸೊಂಟ ನೋವು’ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಸೊಸೆಯೋ ಮಗಳೋ ನೆರೆಯ ಕನ್ನಡದ ಹೆಣ್ಣುಮಗಳೋ ಜತೆಗೆ ಹೋಗುವುದು ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬೀಳುತ್ತದೆ. ಪದಗಳಿಗೇನೂ ನಮ್ಮಲ್ಲಿ ಬಡತನವಿಲ್ಲ. ಜೋಮು, ಜುಮುಜುಮು, ಸೆಳೆತ, ಉರಿ, ಚಳಕು, ಮರಗಟ್ಟು ಎಂಬವುಗಳಲ್ಲಿ ಒಂದೊಂದೂ ವೈದ್ಯರಿಗೆ ಬೇರೆ ಬೇರೆ ಸುದ್ದಿ ಕೊಡುತ್ತದೆ. ಗಡಿ ದಾಟುವಾಗ ಅವು ಕೈಕೊಡುತ್ತವೆ, ಅಷ್ಟೆ. ನಾವು ಜುಮುಜುಮು ಎನ್ನುವುದನ್ನು ಮರಾಠಿಯವರು ಇರುವೆ ಬರುತ್ತಿವೆ ಎನ್ನುತ್ತಾರೆ. ಸ್ಪರ್ಶ ತಿಳಿಯದಿರುವುದಕ್ಕೆ ಅವರ ಮಾತು ‘ಬಧೀರ’. ಕನ್ನಡದ ಕಿವಿಗೆ ಅದು ಕಿವುಡು. ಬಧೀರ ಆಗಿದೆಯೇ ಎಂದು ವೈದ್ಯರು ಕೇಳಿದರೆ, ಊರಿನಲ್ಲಿ ನಾಲ್ಕಕ್ಷರ ಕಲಿತ ಹಿರಿಯರು, ಇಲ್ಲ, ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದೇ ಉತ್ತರ ಕೊಟ್ಟಾರು.